ಫ್ರೀ ಎನರ್ಜಿ, ನೀರಿನ ಗಾಡಿ: ಭೋಸರಿಯಲ್ಲಿ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲೇ ಹೇಳಿಬಿಡ್ತೀನಿ, ನಾನು ಸೈಂಟಿಸ್ಟ್ ಅಲ್ಲ. ಗದಗ ಕಡೆಯವನು, ಪುಣೆಗೆ ಬಂದು 26 ವರ್ಷ ಆಯ್ತು, ಭೋಸರಿ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಮೇಂಟೆನೆನ್ಸ್ ಫಿಟ್ಟರ್. ಗುರುವಾರ ಸೂಟಿ ಇರತ್ತಲ್ಲ, ಅವತ್ತು ನಾವು ಐದಾರು ಜನ ಕನ್ನಡದವರು ಒಂದು ಪತ್ರಾ (ತಗಡಿನ) ಶೆಡ್‌ನಲ್ಲಿ ಸೇರಿ ನೀರಿನಿಂದ ಗ್ಯಾಸ್ ತೆಗಿಯೋದು, ಮ್ಯಾಗ್ನೆಟ್ ಚಕ್ರ ತಿರುಗಿಸೋದು, ಇಂಥವೆಲ್ಲ ಮಾಡ್ತಾ ಬಂದಿದ್ದೀವಿ. ಈ ಸುದ್ದಿ ಹರಡಿ ಹರಡಿ ಈಗ ಮದುವೆ ಮುಂಜಿಗೆ ಹೋದ್ರೂ ಯಾರಾದ್ರೂ ಒಬ್ರು ಪಕ್ಕದಲ್ಲಿ ಬಂದು ಕೂತು ಅದೇ ಪ್ರಶ್ನೆ ಕೇಳ್ತಾರೆ. ಅದಕ್ಕೆ ಒಂದ್ಸಲ ಕೂತು ಬರೆದುಬಿಟ್ರೆ ಬಾಯಿಗೆ ರೆಸ್ಟ್ ಸಿಗತ್ತೆ ಅಂತ ಬರೀತಿದ್ದೀನಿ.

ಫ್ರೀ ಎನರ್ಜಿ ಅಂದ್ರೆ ಏನು? ಸೋಲಾರ್ ಕೂಡ ಫ್ರೀನೇ ಅಲ್ವಾ?

ಬಿಸಿಲು ಫ್ರೀ, ಪ್ಯಾನೆಲ್ ಫ್ರೀ ಅಲ್ಲ, ಅದು ಬೇರೆ ಮಾತು. ನಾವು ಹೇಳೋ ಫ್ರೀ ಎನರ್ಜಿ ಅಂದ್ರೆ ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಕೊಡೋ ಮಷೀನು. ನಮ್ಮ ಮಂದಿ ಭಾಷೆಯಲ್ಲಿ ಓವರ್ ಯುನಿಟಿ. 100 ವ್ಯಾಟ್ ಒಳಗೆ, 120 ವ್ಯಾಟ್ ಹೊರಗೆ, ಆ 120ರಲ್ಲಿ 100 ತಿರುಗಿ ಒಳಗೆ ಕೊಟ್ಟು ಉಳಿದ 20ರಲ್ಲಿ ಮನೆ ಲೈಟ್ ಹಚ್ಚೋದು. ನೀರಿನ ಇಂಧನದವರು ಇದರ ತಮ್ಮಂದಿರು. ಗಾಡಿಯದ್ದೇ ಕರೆಂಟಿನಿಂದ ನೀರು ಒಡೆದು, ಬಂದ ಗ್ಯಾಸ್ ಎಂಜಿನ್‌ಗೆ ಬಿಟ್ಟು, ಅದರಿಂದಲೇ ಗಾಡಿ ಓಡಿಸ್ತೀನಿ ಅನ್ನೋರು. ಆ ಗ್ಯಾಸ್‌ಗೆ ಎಚ್‌ಎಚ್‌ಒ ಅಂತಾರೆ, ಬ್ರೌನ್ಸ್ ಗ್ಯಾಸ್ ಅಂತಲೂ ಅಂತಾರೆ, ಹೈಡ್ರೋಜನ್ ಎರಡು ಪಾಲು ಆಕ್ಸಿಜನ್ ಒಂದು ಪಾಲು ಕೂಡಿಕೊಂಡಿರೋದು, ಅಷ್ಟೇ.

ಒಂದೇ ಮಾತಲ್ಲಿ ಹೇಳ್ರಿ, ನೀರಿಂದ ಗಾಡಿ ಓಡತ್ತೋ ಇಲ್ವೋ?

ಇಲ್ಲ.

ಯಾಕಿಲ್ಲ? ನೀರಲ್ಲಿ ಹೈಡ್ರೋಜನ್ ಇದೆ, ಹೈಡ್ರೋಜನ್ ಉರಿಯತ್ತೆ, ಶಾಲೆಯಲ್ಲೇ ಓದಿದ್ದೀವಲ್ಲ?

ಉರಿಯತ್ತೆ, ಆದ್ರೆ ನೀರು ಅನ್ನೋದು ಆಗಲೇ ಉರಿದು ಮುಗಿದ ಹೈಡ್ರೋಜನ್. ಹಣೆಗೆ ಹಚ್ಚೋ ವಿಭೂತಿ ತಗೊಂಡು ಒಲೆಗೆ ಹಾಕಿ ಇನ್ನೊಂದ್ಸಲ ಅಡುಗೆ ಮಾಡು ಅಂದ್ರೆ ಮಾಡ್ತೀರಾ? ವಾಪಸ್ ಸಗಣಿ ಮಾಡೋಕೆ ಎಷ್ಟು ಶಕ್ತಿ ಬೇಕೋ ಅದನ್ನ ನೀವೇ ಹಾಕ್ಬೇಕು. 1 ಕಿಲೋ ಹೈಡ್ರೋಜನ್‌ಗೆ ಸುಮಾರು 9 ಲೀಟರ್ ನೀರು ಬೇಕು, ನೀರೇನೋ ಅಗ್ಗ. ಆದ್ರೆ ಅದನ್ನ ಒಡಿಯೋಕೆ ಒಂಚೂರೂ ವೇಸ್ಟ್ ಆಗದೆ ಮಾಡಿದ್ರೂ 39 ಯುನಿಟ್ ಮೇಲೆ ಕರೆಂಟ್ ಬೇಕು, ದೊಡ್ಡ ದೊಡ್ಡ ಪ್ಲಾಂಟ್‌ನಲ್ಲೇ 50-55 ಯುನಿಟ್ ಹೋಗತ್ತೆ, ಮತ್ತೆ ಅದನ್ನ ಎಂಜಿನ್‌ನಲ್ಲಿ ಸುಟ್ರೆ ಉಪಯೋಗಕ್ಕೆ ಬರೋ ಶಾಖ 33 ಯುನಿಟ್ ಆಸುಪಾಸು. ಅದರಲ್ಲೂ ಎಂಜಿನ್ ಮುಕ್ಕಾಲು ಭಾಗ ಬಿಸಿ ಮಾಡಿ ಹೊರಗೆ ಬಿಡತ್ತೆ.

ಗಾಡಿಗೆ ಕೂರಿಸೋ ಕಿಟ್‌ನ ಲೆಕ್ಕ ನಾನೇ ಒಂದ್ಸಲ ಹಾಳೆ ಮೇಲೆ ಹಾಕಿದ್ದೆ. ನೀರು ಒಡೆಯೋ ಪ್ಲೇಟ್ ಜೋಡಿಗೆ ಸೆಲ್ ಅಂತಾರೆ, ಅಂಥ ಆರು ಸೆಲ್ ಸಾಲಾಗಿ, 12 ವೋಲ್ಟ್, 20 ಆಂಪಿಯರ್, ಅಂದ್ರೆ 240 ವ್ಯಾಟ್. ಎಷ್ಟು ಕರೆಂಟಿಗೆ ಎಷ್ಟು ಗ್ಯಾಸ್ ಅಂತ ಹೇಳೋ ಫ್ಯಾರಡೆ ಲೆಕ್ಕದ ಪ್ರಕಾರ ನಿಮಿಷಕ್ಕೆ ಒಂದೂಕಾಲು ಒಂದೂವರೆ ಲೀಟರ್ ಗ್ಯಾಸ್ ಬರತ್ತೆ, ಅದರಲ್ಲಿರೋ ಶಕ್ತಿ ಸುಮಾರು 150 ವ್ಯಾಟ್. ಇನ್ನು ಆ 240 ವ್ಯಾಟ್ ಕೊಡೋದು ಆಲ್ಟರ್ನೇಟರ್, ಅಂದ್ರೆ ಗಾಡಿಯ ಡೈನಮೋ, ಅದನ್ನ ತಿರುಗಿಸೋದು ಎಂಜಿನ್, ಎಂಜಿನ್ ಕುಡಿಯೋದು ಪೆಟ್ರೋಲ್. ಸಂತೆಯಲ್ಲಿ ಒಬ್ಬೊಬ್ಬ ದಲ್ಲಾಳಿ ಒಂದೊಂದು ಕಮಿಷನ್ ಹೊಡೆದ ಹಾಗೆ: ಎಂಜಿನ್ ದಲ್ಲಾಳಿ ನೂರಕ್ಕೆ ಎಪ್ಪತ್ತೈದು ಹೊಡೆದ, ಉಳಿದಿದ್ದರಲ್ಲಿ ಆಲ್ಟರ್ನೇಟರ್ ದಲ್ಲಾಳಿ ಹತ್ರಹತ್ರ ಅರ್ಧ ಹೊಡೆದ, ಮತ್ತುಳಿದಿದ್ದರಲ್ಲಿ ಸೆಲ್ ದಲ್ಲಾಳಿ ಮೂರನೇ ಒಂದು ಪಾಲು ಹೊಡೆದ. 100 ರೂಪಾಯಿ ಪೆಟ್ರೋಲ್ ಸುಟ್ಟು ಕೈಗೆ ಬಂದಿದ್ದು 9 ರೂಪಾಯಿಯ ಗ್ಯಾಸ್. ಈ ಹಾಳೆ ಇನ್ನೂ ಶೆಡ್ ಗೋಡೆ ಮೇಲಿದೆ, ಯಾರೂ ಓದಲ್ಲ.

ನನ್ನ ಭಾವನ ಕಾರಿಗೆ ಕಿಟ್ ಹಾಕಿಸಿದ ಮೇಲೆ ಮೈಲೇಜ್ ಏರಿದೆ, ಅವನೇನು ಸುಳ್ಳು ಹೇಳ್ತಾನಾ?

ಸುಳ್ಳು ಹೇಳ್ತಿಲ್ಲ ಅಂತಲೇ ಇಟ್ಕೊಳ್ಳಿ. ಕಿಟ್ ಹಾಕಿಸಿದ ಮನುಷ್ಯ ಅವತ್ತಿಂದ ಕಾಲು ಹಗುರ ಮಾಡ್ತಾನೆ. ಏನು ಬರತ್ತೆ ನೋಡೋಣ ಅಂತ ಎಕ್ಸ್‌ಪ್ರೆಸ್‌ವೇನಲ್ಲಿ 110ರಲ್ಲಿ ಹೋಗೋನು 80ರಲ್ಲಿ ಹೋಗ್ತಾನೆ. ಕಿಟ್ ಕೂರಿಸೋ ದಿನ ಮೆಕ್ಯಾನಿಕ್ ಏರ್ ಫಿಲ್ಟರ್ ಕ್ಲೀನ್ ಮಾಡಿರ್ತಾನೆ, ಪ್ಲಗ್ ಬದಲಿಸಿರ್ತಾನೆ, ಟೈರಿಗೆ ಗಾಳಿ ಹಿಡಿದಿರ್ತಾನೆ. ಟ್ಯಾಂಕ್ ಫುಲ್ ಅನ್ನೋದು ಪಂಪ್‌ನ ಹುಡುಗ ನಾಝಲ್ ಎಲ್ಲಿ ಬಿಡ್ತಾನೋ ಅಲ್ಲಿಗೆ ಫುಲ್, ಅದರಲ್ಲೇ ಒಂದೆರಡು ಲೀಟರ್ ಹಿಂದೆಮುಂದೆ ಆಗತ್ತೆ. ಕೆಲವು ಕಿಟ್‌ಗಳ ಜೊತೆ ಆಕ್ಸಿಜನ್ ಸೆನ್ಸರ್‌ಗೆ ತಪ್ಪು ರೀಡಿಂಗ್ ಕೊಡೋ ಒಂದು ಸಣ್ಣ ಡಬ್ಬಿ ಬರತ್ತೆ, ಅದು ಎಂಜಿನ್‌ಗೆ ಪೆಟ್ರೋಲ್ ಕಮ್ಮಿ ಬಿಡೋ ಹಾಗೆ ಮಾಡತ್ತೆ, ಆ ಕ್ರೆಡಿಟ್ ಮಾತ್ರ ನೀರಿಗೆ ಹೋಗತ್ತೆ. ಭಾವನಿಗೆ ಹೇಳಿ, ಹದಿನೈದು ದಿನ ಫ್ಯೂಸ್ ತೆಗೆದು ಓಡಿಸು, ಹದಿನೈದು ದಿನ ಹಾಕಿ ಓಡಿಸು, ಫ್ಯೂಸ್ ಇದೆಯೋ ಇಲ್ವೋ ಅನ್ನೋದು ನಿನಗೆ ಗೊತ್ತಾಗಬಾರದು, ಅದನ್ನ ಹೆಂಡತಿ ಮಾಡ್ಲಿ. ಇಲ್ಲಿತನಕ ಇದಕ್ಕೆ ಒಪ್ಪಿದೋನು ಒಬ್ಬನೂ ಸಿಕ್ಕಿಲ್ಲ ನನಗೆ.

ಹಾಗಿದ್ರೆ ಇದನ್ನ ಮಾಡೋರೆಲ್ಲ ಹುಚ್ಚರಾ?

ಈ ಪ್ರಶ್ನೆಗೆ ಸ್ವಲ್ಪ ಟೈಮ್ ತಗೋತೀನಿ, ಯಾಕಂದ್ರೆ ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಶೆಡ್‌ಗೆ ಬರೋರನ್ನ ನೋಡಿ. ಒಬ್ರು ಟರ್ನರ್, ಒಬ್ಬ ವೈಂಡಿಂಗ್ ಮಾಡೋನು, ಒಬ್ರು ರಿಟೈರ್ಡ್ ಡ್ರಾಫ್ಟ್ಸ್‌ಮನ್, ಒಬ್ಬ ಕಾತ್ರಜ್ ಹತ್ರ ಟಿಫಿನ್ ಹೋಟೆಲ್ ನಡೆಸೋ ಕುಂದಾಪುರದ ಹುಡುಗ, ನಾನು, ಮತ್ತೆ ಇಂಡಿ ಕಡೆಯ ಒಬ್ರು ಹಿರಿಯರು, ಅವರಿಗೆ ನಾವೆಲ್ಲ ಇಂಡಿ ಕಾಕಾ ಅಂತಲೇ ಕರೆಯೋದು. ಇವರಲ್ಲಿ ಒಬ್ರೂ ಹುಚ್ಚರಲ್ಲ. ಟರ್ನರ್ ಅಣ್ಣ 30 ವರ್ಷ ಲೇತ್ ಮೇಲೆ ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನ ಟಾಲರೆನ್ಸ್‌ನಲ್ಲಿ ಕೆಲಸ ಮಾಡಿದೋರು, ಆದ್ರೆ ಆ 30 ವರ್ಷದಲ್ಲಿ ತಮ್ಮ ಸ್ವಂತ ಡ್ರಾಯಿಂಗ್ ಅಂತ ಒಂದೇ ಒಂದು ಪೀಸ್ ಮಾಡಿಲ್ಲ. ಯಾರೋ ಸಾಹೇಬ್ರು ಬರೆದ ಡ್ರಾಯಿಂಗ್, ಯಾವುದೋ ಗಾಡಿಯ ಯಾವುದೋ ಭಾಗ, ಅದು ಎಲ್ಲಿ ಕೂಡತ್ತೆ ಅಂತಲೂ ಕೆಲವು ಸಲ ಗೊತ್ತಿರಲ್ಲ. ಅಂಥ ಮನುಷ್ಯ ಗುರುವಾರ ಬಂದು ಅಲ್ಯೂಮಿನಿಯಂ ಚಕ್ರ ಕಡಿದು ಮ್ಯಾಗ್ನೆಟ್ ಕೂರಿಸೋವಾಗ ಆ ಮುಖ ನೀವು ನೋಡ್ಬೇಕು. ಇದು ನನ್ನದು, ನಾನೇ ಯೋಚನೆ ಮಾಡಿದ್ದು, ತಪ್ಪಾದ್ರೂ ನನ್ನ ತಪ್ಪೇ. ನನ್ನ ಪ್ರಕಾರ ಈ ಹವ್ಯಾಸದಲ್ಲಿ ನಂಬರ್ ಒನ್ ಕಾರಣ ಇದು, ಪೆಟ್ರೋಲ್ ರೇಟ್ ಆಮೇಲೆ.

ಪೆಟ್ರೋಲ್ ರೇಟ್ ಇಲ್ಲ ಅಂತಲ್ಲ. 2021ರ ಮೇ ಕೊನೆಗೆ ಮುಂಬೈಯಲ್ಲಿ ಲೀಟರ್‌ಗೆ 100 ದಾಟಿದಾಗ ಶೆಡ್ ಬಗ್ಗೆ ವಿಚಾರಿಸಿ ನನಗೆ ಬಂದ ಫೋನ್‌ಗಳು ಹಿಂದೆ ಯಾವತ್ತೂ ಬಂದಿರ್ಲಿಲ್ಲ. ಅದಕ್ಕೂ ಹಿಂದೆ, 2005-06ರ ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಎಲ್ರಿಗೂ ಇನ್ವರ್ಟರ್ ಹುಚ್ಚು, ಬ್ಯಾಟರಿ ತಾನೇ ತುಂಬಿಕೊಂಡ್ರೆ ಎಷ್ಟು ಚೆನ್ನ ಅನ್ನೋ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಹೀಗೆ ಬಂದೋರು ರೇಟ್ ಅಭ್ಯಾಸ ಆದ ಮೇಲೆ ಹೋಗಿಬಿಡ್ತಾರೆ. ಉಳಿಯೋರು ಬೇರೆ ಕಾರಣಕ್ಕೆ ಉಳೀತಾರೆ.

ಇನ್ನೊಂದು, ಹೇಳೋಕೆ ಸಂಕೋಚ, ಆದ್ರೂ ಹೇಳ್ತೀನಿ. ಕಂಪನಿಯಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ, ಮಕ್ಕಳು ಮನೆಯಲ್ಲಿ ಇಂಗ್ಲಿಷು. ವಾರಕ್ಕೊಂದ್ಸಲ ಹೊಟ್ಟೆ ತುಂಬ ಕನ್ನಡ ಮಾತಾಡೋಕೆ ಸಿಗೋದು ಆ ಶೆಡ್‌ನಲ್ಲಿ. ಸುಮ್ನೆ ಹರಟೆಗೆ ಬಾ ಅಂದ್ರೆ ಗಂಡಸರು ಬರಲ್ಲ ಕಣ್ರೀ, ಕೈಯಲ್ಲಿ ಒಂದು ಸ್ಪ್ಯಾನರ್ ಇದ್ರೆ ಬರ್ತಾರೆ.

ದುಡ್ಡು ಮಾಡೋಕಲ್ವಾ?

ಮಾರೋರಿಗೆ ದುಡ್ಡು, ಮಾಡೋರಿಗೆ ಖರ್ಚು. ಈ ಎರಡು ಗುಂಪನ್ನ ಜನ ಒಂದೇ ಅಂದ್ಕೋತಾರೆ, ಅಲ್ಲಿ ನನಗೆ ಸಿಟ್ಟು ಬರತ್ತೆ. ಪತ್ರಾ ಶೆಡ್‌ನಲ್ಲಿ ಕೂತು ಪ್ಲೇಟ್ ಉಜ್ಜೋನು ತನಗೆ ತಾನೇ ಮೋಸ ಮಾಡ್ಕೋತಾನೆ ಹೆಚ್ಚೆಂದ್ರೆ. ಕಿಟ್ ಮಾರೋನು ಗೊತ್ತಿದ್ದೇ ಮಾರ್ತಾನೆ. ನಾನೇ 2009ರಲ್ಲಿ ಒಂದು ಕಿಟ್‌ಗೆ 4,500 ರೂಪಾಯಿ ಕೊಟ್ಟು ತರಿಸಿದ್ದೆ, ಬಂದಿದ್ದು ಉಪ್ಪಿನಕಾಯಿ ಬರಣಿ ಥರದ ಡಬ್ಬಿ, ಎರಡು ಸ್ಟೀಲ್ ಪಟ್ಟಿ, ಒಂದು ಪೈಪು. ಯಾರು ಅಂತ ಹೇಳಲ್ಲ, ಫೋನ್ ಮಾಡಿದ್ರೆ ನೀರು ಸರಿ ಇಲ್ಲ ಅಂದ.

ನೀವು ಹೇಗೆ ಬಿದ್ರಿ ಇದ್ರಲ್ಲಿ?

2008ರ ಕೊನೆಗೆ ಆರ್ಥಿಕ ಹಿಂಜರಿತ ಬಂತಲ್ಲ, ಆಟೋಮೊಬೈಲ್ ಆರ್ಡರ್ ಎಲ್ಲ ನಿಂತು ನಮಗೆ ವಾರಕ್ಕೆ ಮೂರೇ ದಿನ ಕೆಲಸ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು, ಕೈಗೆ ಕೆಲಸ ಇಲ್ಲದ ಫಿಟ್ಟರ್ ಅಂದ್ರೆ ನೀರಿಲ್ಲದ ಎಮ್ಮೆ ಇದ್ದ ಹಾಗೆ. ಒಬ್ಬ ವಿಡಿಯೋ ತೋರಿಸಿದ, ಅಮೆರಿಕಾದಲ್ಲಿ ಒಬ್ಬ ಬರೀ ನೀರು ಹಾಕಿ ಬಗ್ಗಿ ಅನ್ನೋ ಸಣ್ಣ ಗಾಡಿ ಓಡಿಸ್ತಾನೆ ಅಂತ. ಅವತ್ತು ರಾತ್ರಿ ಸ್ಟೀಲ್ ಲೋಟ, ಅಡಿಗೆ ಸೋಡಾ, ಬೈಕಿನ ಬ್ಯಾಟರಿ ಇಟ್ಟು ನೋಡಿದೆ. ಗುಳ್ಳೆ ಬಂತು. ಸೋಪಿನ ನೀರಲ್ಲಿ ಆ ಗುಳ್ಳೆ ಹಿಡಿದು ಬೆಂಕಿಕಡ್ಡಿ ತೋರಿಸಿದೆ, ಟಪ್ ಅಂತು. ಆ ಒಂದು ಟಪ್ ಸದ್ದಿಗೆ ಆರು ವರ್ಷ ಹೋಯ್ತು ನಂದು.

ನಗಬೇಡಿ. ನೀರು, ಅದರೊಳಗೆ ಬೆಂಕಿ, ನಿಮ್ಮ ಅಡುಗೆಮನೆ ಲೋಟದಲ್ಲಿ. ಪುಸ್ತಕದಲ್ಲಿ ಓದೋದು ಬೇರೆ, ಕಿವಿಗೆ ಕೇಳೋದು ಬೇರೆ.

ಆ ಅಮೆರಿಕಾದವನನ್ನ ಪೆಟ್ರೋಲ್ ಕಂಪನಿಯವ್ರು ವಿಷ ಹಾಕಿ ಕೊಂದ್ರಂತಲ್ಲ?

ಸ್ಟ್ಯಾನ್ಲಿ ಮೇಯರ್, ಓಹಾಯೋದವನು. ಈ ಕಥೆ ಗೊತ್ತಿಲ್ಲದ ಹವ್ಯಾಸಿ ಇಲ್ಲ. ಆದ್ರೆ ಕಥೆಯ ಮೊದಲ ಅರ್ಧ ಯಾರೂ ಹೇಳಲ್ಲ. ಅವನ ಹತ್ರ ಡೀಲರ್‌ಶಿಪ್‌ಗೆ ದುಡ್ಡು ಹಾಕಿದ್ದ ಇಬ್ರು ಕೇಸ್ ಹಾಕಿದ್ರು, ಕೋರ್ಟ್‌ನಲ್ಲಿ ಪರಿಣಿತರು ಆ ಸೆಲ್ ಬಿಚ್ಚಿ ನೋಡಿದ್ರು, ಇದು ಮಾಮೂಲಿ ಎಲೆಕ್ಟ್ರಾಲಿಸಿಸ್, ಕರೆಂಟಿನಿಂದ ನೀರು ಒಡೆಯೋದು ಅಷ್ಟೇ, ಹೊಸದೇನೂ ಇಲ್ಲ ಅಂದ್ರು. 1996ರಲ್ಲಿ ಕೋರ್ಟ್ ಇದು ದೊಡ್ಡ ವಂಚನೆ ಅಂತ ಹೇಳಿ 25,000 ಡಾಲರ್ ವಾಪಸ್ ಕೊಡು ಅಂತು. 1998ರ ಮಾರ್ಚ್‌ನಲ್ಲಿ ರೆಸ್ಟೋರೆಂಟ್‌ನಲ್ಲಿ ಊಟ ಮಾಡ್ತಾ ಇದ್ದಾಗ ಕುಸಿದು ಸತ್ತ, ಪೋಸ್ಟ್‌ಮಾರ್ಟಂನಲ್ಲಿ ಮೆದುಳಿನ ರಕ್ತನಾಳ ಊದಿ ಒಡೆದಿದ್ದು ಅಂತ ಬಂತು.

ನಾನು ಶೆಡ್‌ನಲ್ಲಿ ಇದನ್ನ ಹೇಳಿದಾಗ ಇಂಡಿ ಕಾಕಾ ಕೇಳಿದ್ರು, "ಕೋರ್ಟಿಗೂ ರೊಕ್ಕ ಕೊಟ್ಟಿರಬೇಕಲ್ಲೋ ತಮ್ಮಾ?" ಇದಕ್ಕೆ ಉತ್ತರ ಇಲ್ಲ. ನಾನು ಕೇಳೋದು ಒಂದೇ: ಅವನ ಪೇಟೆಂಟ್‌ಗಳು ಎಲ್ರಿಗೂ ಓದೋಕೆ ಸಿಗತ್ತೆ, ಅವುಗಳ ಅವಧಿ ಮುಗಿದು ವರ್ಷಗಳೇ ಆದವು, ಯಾರು ಬೇಕಾದ್ರೂ ಮಾಡಬಹುದು, ಸಾವಿರಾರು ಜನ ಮಾಡಿ ನೋಡಿದ್ದಾರೆ, ಒಬ್ಬರದ್ದಾದ್ರೂ ಯಾಕೆ ಓಡಿಲ್ಲ? ಎಲ್ರನ್ನೂ ಕೊಂದ್ರಾ? ನಾನಂತೂ ಇದ್ದೀನಿ.

ಒಂದು ಮಾತು ಮಾತ್ರ ಒಪ್ತೀನಿ. ದೊಡ್ಡ ಕಂಪನಿಗಳು ನಮ್ಮಿಂದ ಏನೋ ಮುಚ್ಚಿಡ್ತಾವೆ ಅನ್ನೋ ಗುಮಾನಿ ಆಕಾಶದಿಂದ ಉದುರಿಲ್ಲ, ಕಂಪನಿಯಲ್ಲಿ 20 ವರ್ಷ ದುಡಿದು ಒಂದು ಬೆಳಗ್ಗೆ ಗೇಟಿಗೆ ಬೀಗ ನೋಡಿದೋನಿಗೆ ಆ ಗುಮಾನಿ ಬರದೆ ಇನ್ಯಾರಿಗೆ ಬರಬೇಕು.

ನಮ್ಮಲ್ಲೂ ಇಂಥವರು ಇದ್ರಾ?

ಇಲ್ಲದೆ ಏನು. ತಮಿಳುನಾಡಿನ ರಾಮರ್ ಪಿಳ್ಳೈ ನೆನಪಿದೆಯಾ? 1996ರಲ್ಲಿ ಗಿಡಮೂಲಿಕೆ ಹಾಕಿ ಕುದಿಸಿ ನೀರನ್ನ ಪೆಟ್ರೋಲ್ ಮಾಡ್ತೀನಿ ಅಂದ, ದೇಶವೆಲ್ಲ ಸುದ್ದಿ, ಮಂತ್ರಿಗಳು ಬೆನ್ನು ತಟ್ಟಿದ್ರು. ಮದ್ರಾಸ್ ಐಐಟಿಯಲ್ಲಿ ಮಾಡಿ ತೋರಿಸು ಅಂದಾಗ ಕಲಸೋ ಕಡ್ಡಿಯೊಳಗೇ ಇಂಧನ ತುಂಬಿ ಮೇಣ ಹಚ್ಚಿದ್ದು ಬಯಲಾಯ್ತು. ಅದಾದ ಮೇಲೂ ಅವನು ಮಾರಾಟ ನಡೆಸಿದ, 2016ರಲ್ಲಿ ಚೆನ್ನೈ ಕೋರ್ಟ್ ಮೂರು ವರ್ಷ ಜೈಲು ಅಂತು. ನನಗೆ ಆಶ್ಚರ್ಯ ಆ ಕಡ್ಡಿ ಅಲ್ಲ, ಎರಡರ ನಡುವೆ 20 ವರ್ಷ ಜನ ಅವನನ್ನ ಪಾಪ, ತುಳಿದ್ರು ಅಂತಲೇ ಅಂದ್ಕೊಂಡಿದ್ದು.

ಇನ್ನೂ ಹಿಂದೆ ಹೋದ್ರೆ ಭಾಸ್ಕರಾಚಾರ್ಯ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಒಂದು ಚಕ್ರ ಬರತ್ತೆ, ಅರೆಗಳು ಟೊಳ್ಳು, ಅದರಲ್ಲಿ ಅರ್ಧ ಪಾದರಸ, ಒಂದ್ಸಲ ತಿರುಗಿಸಿದ್ರೆ ತಾನೇ ತಿರುಗ್ತಾ ಇರತ್ತೆ ಅಂತ. ಅವರನ್ನ ವಿಜಾಪುರದವರು ನಮ್ಮವರು ಅಂತಾರೆ, ಇಲ್ಲಿಯವರು ಚಾಳೀಸಗಾಂವ್ ಹತ್ರದ ಪಾಟಣದವರು ಅಂತಾರೆ, ನಮ್ಮ ಶೆಡ್‌ನಲ್ಲಿ ಚಕ್ರಕ್ಕಿಂತ ಜಾಸ್ತಿ ಹೊತ್ತು ಈ ಜಗಳ ತಿರುಗಿದೆ. ಇಂಡಿ ಕಾಕಾ ವಿಜಾಪುರ ಜಿಲ್ಲೆಯವರಾಗಿದ್ದಕ್ಕೆ ಈ ಚಕ್ರ ತಮ್ಮ ಪಿತ್ರಾರ್ಜಿತ ಅನ್ನೋ ಹಾಗೆ ಮಾತಾಡ್ತಾರೆ. ಪಾದರಸ ಒಂದು ಬದಿ ದೂರ ಹೋಗತ್ತೆ ನಿಜ, ಆದ್ರೆ ಇನ್ನೊಂದು ಬದಿ ಹತ್ತಿರ ಇರೋ ಅರೆಗಳ ಸಂಖ್ಯೆ ಜಾಸ್ತಿ ಇರತ್ತೆ, ತಕ್ಕಡಿ ಸಮ ಆಗಿ ನಿಂತುಬಿಡತ್ತೆ. ನಾವು ಪಾದರಸದ ಬದಲು ಬೇರಿಂಗ್ ಗುಂಡು ಹಾಕಿ ಮಾಡಿದ್ದು ಹನ್ನೊಂದು ಸುತ್ತು ಹಾಕ್ತು.

ಓದಿದವರೂ ನಂಬ್ತಾರಲ್ಲ, ಎಂಜಿನಿಯರ್‌ಗಳು, ಸೈಂಟಿಸ್ಟ್‌ಗಳು?

ನಂಬ್ತಾರೆ, ಮತ್ತೆ ಅವರ ಹೆಸರು ಹೇಳಿಯೇ ನಮ್ಮಂಥವರ ಬಾಯಿ ಮುಚ್ಚಿಸ್ತಾರೆ. ಪರಮಹಂಸ ತಿವಾರಿ ಅಂತ ಒಬ್ರಿದ್ರು, ನ್ಯೂಕ್ಲಿಯರ್ ಪವರ್ ಕಾರ್ಪೊರೇಶನ್‌ನಲ್ಲಿ ದೊಡ್ಡ ಹುದ್ದೆ, ನಮ್ಮ ಕೈಗಾ ಪ್ರಾಜೆಕ್ಟ್‌ನಲ್ಲಿ ಇದ್ದವರು. ಅಣುವಿದ್ಯುತ್ ಮಾಡೋ ಮನುಷ್ಯ ರಾತ್ರಿ ಕೂತು ಆಕಾಶದಿಂದಲೇ ಶಕ್ತಿ ತೆಗೀತೀನಿ ಅಂತ ಸ್ಪೇಸ್ ಪವರ್ ಜನರೇಟರ್ ಅನ್ನೋದನ್ನ ಕಟ್ಟಿದ್ರು, ಹಾಕಿದ್ದಕ್ಕಿಂತ ಜಾಸ್ತಿ ಬರತ್ತೆ ಅಂತ ಕೊನೇವರೆಗೂ ಹೇಳಿದ್ರು, 2017ರಲ್ಲಿ ತೀರಿಕೊಂಡ್ರು. ಆ ಮಷೀನ್‌ನಿಂದ ಇವತ್ತಿಗೆ ಒಂದು ಊರೂ ಬೆಳಗ್ತಿಲ್ಲ. ಆದ್ರೂ ಅವರನ್ನ ಮೋಸಗಾರ ಅನ್ನೋಕೆ ನನಗೆ ಬಾಯಿ ಬರಲ್ಲ, ಅವರಿಗೆ ದುಡ್ಡಿನ ಕೊರತೆಯೋ ಹೆಸರಿನ ಕೊರತೆಯೋ ಇದ್ದ ಹಾಗೆ ಕಾಣಲ್ಲ, ಆ ಪ್ರಶ್ನೆಯೇ ಅವರನ್ನ ಹಿಡ್ಕೊಂಡಿತ್ತು.

ಮುಂಬೈನ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದ್ರೆ ಬಿಎಆರ್‌ಸಿಯವರ ಕಥೆ ಬೇರೆ, ಅದನ್ನ ಇದರ ಜೊತೆ ಸೇರಿಸ್ಬೇಡಿ. 1989ರ ಮಾರ್ಚ್‌ನಲ್ಲಿ ಅಮೆರಿಕಾದಲ್ಲಿ ಇಬ್ರು ಕೆಮಿಸ್ಟ್‌ಗಳು ಗಾಜಿನ ಪಾತ್ರೆಯಲ್ಲಿ ಫ್ಯೂಷನ್, ಅಂದ್ರೆ ಸೂರ್ಯನೊಳಗೆ ಆಗೋ ಥರ ಪರಮಾಣು ಬೆಸೆಯೋದು, ಆಯ್ತು ಅಂದಾಗ ಪಿ.ಕೆ. ಅಯ್ಯಂಗಾರ್ ಡೈರೆಕ್ಟರ್ ಆಗಿದ್ದ ಬಿಎಆರ್‌ಸಿಯಲ್ಲಿ ಅದೇ ವರ್ಷ ಹಲವು ಗುಂಪು ಕೂತು ಪ್ರಯೋಗ ಮಾಡಿದ್ರು, ಫ್ಯೂಷನ್‌ನ ಗುರುತಾದ ನ್ಯೂಟ್ರಾನು, ಟ್ರಿಟಿಯಂ ಕಂಡಿದ್ದೀವಿ ಅಂತಲೂ ರಿಪೋರ್ಟ್ ಬರೆದ್ರು. ಆದ್ರೆ ಬೇಕಂದಾಗ ಮತ್ತೆ ಮಾಡಿ ತೋರಿಸೋಕೆ ಯಾರಿಂದಲೂ ಆಗ್ಲಿಲ್ಲ, ಕೆಲಸ ತಣ್ಣಗಾಯ್ತು. ಅವರು ಅಳೆದ್ರು, ಬರೆದಿಟ್ರು, ನಿಲ್ಲಿಸಿದ್ರು. ನಮ್ಮವರಿಗೆ ಮೊದಲ ಎರಡೂ ಗೊತ್ತಿಲ್ಲ, ಮೂರನೇದಂತೂ ದೂರದ ಮಾತು.

ಮೀಟರ್‌ನಲ್ಲೇ ಜಾಸ್ತಿ ಕಾಣಿಸತ್ತಲ್ಲ, ಮೀಟರ್ ಸುಳ್ಳು ಹೇಳತ್ತಾ?

ನನ್ನನ್ನ ಮೂರು ವರ್ಷ ಮೂರ್ಖ ಮಾಡಿದ್ದು ಇದೇ ಮೀಟರ್. ಬೆಡಿನಿ ಮೋಟರ್ ಅಂತ ಇದೆ, ಸೈಕಲ್ ಚಕ್ರಕ್ಕೆ ಮ್ಯಾಗ್ನೆಟ್ ಅಂಟಿಸಿ ಒಂದು ಕಾಯಿಲ್, ಒಂದು ಟ್ರಾನ್ಸಿಸ್ಟರ್, ಒಂದು ಬ್ಯಾಟರಿಯಿಂದ ಓಡತ್ತೆ, ಇನ್ನೊಂದು ಬ್ಯಾಟರಿ ತುಂಬತ್ತೆ. ಎರಡನೇ ಬ್ಯಾಟರಿ 12.2 ವೋಲ್ಟ್ ಇದ್ದದ್ದು 12.9 ಆಯ್ತು, ಮೊದಲನೇದು ಅಷ್ಟೇನೂ ಇಳಿದಿಲ್ಲ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ, ನೊಬೆಲ್ ತಗೊಳ್ಳೋಕೆ ಯಾವ ಶರ್ಟ್ ಹಾಕೋದು ಅಂತ ಯೋಚನೆ.

ವೋಲ್ಟೇಜ್ ಏರಿದ್ರೆ ಬ್ಯಾಟರಿ ತುಂಬಿದೆ ಅಂತಲ್ಲ. ಚೂಪು ಚೂಪು ಪಲ್ಸ್ ಹೊಡೆದ್ರೆ ಪ್ಲೇಟ್ ಮೇಲ್ಮೈಯಲ್ಲಿ ಚಾರ್ಜ್ ಕೂತು ಮೀಟರ್ ಹಿಗ್ಗತ್ತೆ, ಒಳಗೆ ಖಾಲಿ. ಮತ್ತೆ ಅಗ್ಗದ ಮಲ್ಟಿಮೀಟರ್ ಇಂಥ ಪಲ್ಸ್‌ನಲ್ಲಿ ವೋಲ್ಟೂ ಸರಿ ತೋರಿಸಲ್ಲ, ಆಂಪಿಯರೂ ಸರಿ ತೋರಿಸಲ್ಲ, ಎರಡನ್ನೂ ಗುಣಿಸಿ ವ್ಯಾಟ್ ಅಂದ್ರೆ ತಪ್ಪಿನ ಮೇಲೆ ತಪ್ಪು. ಡ್ರಾಫ್ಟ್ಸ್‌ಮನ್ ಅಜ್ಜ ಹೇಳಿದ್ರು, ಮೀಟರ್ ಬಿಡು, ಬಲ್ಬ್ ಹಚ್ಚು. ಬೈಕಿನ ಬ್ರೇಕ್ ಲೈಟ್‌ನ 21 ವ್ಯಾಟ್ ಬಲ್ಬ್, ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಸರಿಯಾದ ಚಾರ್ಜರ್‌ನಲ್ಲಿ ತುಂಬಿದಾಗ ಮೂರು ತಾಸಿನ ಮೇಲೆ ಉರೀತು. ನನ್ನ ಮಹಾ ಮೋಟರ್ ರಾತ್ರಿಯೆಲ್ಲ ತುಂಬಿದ್ದು ಇಪ್ಪತ್ತೆರಡು ನಿಮಿಷ.

ಈಗ ಯಾರು ಬಂದು ಏನು ತೋರಿಸಿದ್ರೂ ನಾನು ಕೇಳೋದು ಇಷ್ಟೇ, ಬಲ್ಬ್ ಎಷ್ಟು ಹೊತ್ತು ಉರೀತು?

ಇಷ್ಟೆಲ್ಲ ಗೊತ್ತಾದ ಮೇಲೂ ಯಾಕೆ ಬಿಡಲ್ಲ?

ಇಂಡಿ ಕಾಕಾನ ಕಥೆ ಹೇಳ್ತೀನಿ. ಅವರು ಚಕ್ರ ಶುರು ಮಾಡಿದ್ದು ತಮ್ಮನಿಗೋಸ್ಕರ. ಊರಲ್ಲಿ ನಾಲ್ಕು ಎಕರೆ ಲಿಂಬೆ ತೋಟ, ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ, ತಮ್ಮ ನಡುರಾತ್ರಿ ಎದ್ದು ಬ್ಯಾಟರಿ ಹಿಡ್ಕೊಂಡು ಹಾವು ಚೇಳಿನ ನಡುವೆ ಹೋಗಿ ಪಂಪ್ ಚಾಲೂ ಮಾಡ್ಬೇಕು. ಕರೆಂಟ್ ಇಲ್ಲದೆ ತಿರುಗೋ ಒಂದು ಚಕ್ರ ಮಾಡಿ ಬಾವಿ ಮೇಲೆ ಇಟ್ರೆ ತಮ್ಮ ರಾತ್ರಿ ಮಲಗ್ತಾನೆ. ಇದು ಅವರ ಪ್ಲ್ಯಾನು. ಇದನ್ನ ಕೇಳಿ ನಗೋಕೆ ಆಗತ್ತಾ ನಿಮಗೆ? ನನಗಾಗಲ್ಲ.

ಆಮೇಲೆ ಏನಾಯ್ತು ಅಂದ್ರೆ ತಮ್ಮ ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಹಾಕಿಸಿಕೊಂಡ. ಹಗಲು ನೀರು, ರಾತ್ರಿ ನಿದ್ದೆ, ತೊಂದರೆ ಮುಗೀತು. ನಾವೆಲ್ಲ ಅಂದ್ಕೊಂಡ್ವಿ ಕಾಕಾ ಇನ್ನು ಚಕ್ರ ಬಿಡ್ತಾರೆ ಅಂತ. ಮುಂದಿನ ಗುರುವಾರ ಹೊಸ ಬೇರಿಂಗ್ ತಗೊಂಡು ಬಂದ್ರು.

ಅವತ್ತು ನನಗೆ ಅರ್ಥ ಆಯ್ತು, ಕರೆಂಟ್ ಅನ್ನೋದು ಮನೆ ಬಿಟ್ಟು ಹೊರಡೋಕೆ ಹೇಳೋ ನೆಪ. ಒಳಗೆ ಬಂದ ಮೇಲೆ ಹಿಡಿದಿಡೋದು ಬೇರೆ. ಪ್ರತಿಸಲ ಇನ್ನೊಂದು ಏನೋ ಬದಲಿಸೋದು ಉಳಿದಿರತ್ತೆ: ಬೇರಿಂಗ್, ಮ್ಯಾಗ್ನೆಟ್‌ನ ಕೋನ, ಪ್ಲೇಟ್‌ಗಳ ನಡುವಿನ ಗ್ಯಾಪ್, ಫ್ರೀಕ್ವೆನ್ಸಿ. ಹೋದ ಸಲ ಹನ್ನೊಂದು ಸುತ್ತು, ಈ ಸಲ ಹದಿನಾಲ್ಕು ಸುತ್ತು, ಬೇರಿಂಗ್ ಚೆನ್ನಾಗಿತ್ತು ಅಂತ ಅರ್ಥ, ಆದ್ರೆ ಅವರಿಗೆ ಅದು ದಾರಿಯಲ್ಲಿ ಮೂರು ಹೆಜ್ಜೆ ಮುಂದೆ. ಮಟ್ಕಾ ಆಡೋನು ಒಂದು ನಂಬರ್‌ನಲ್ಲಿ ತಪ್ಪಿತು ಅಂತಾನಲ್ಲ, ಹಾಗೆ. ಆದ್ರೆ ಮಟ್ಕಾದಲ್ಲಿ ಕೈಗೆ ಏನೂ ಉಳಿಯಲ್ಲ, ಇಲ್ಲಿ ಎಷ್ಟು ಚಂದದ ಚಕ್ರ ಉಳಿಯತ್ತೆ ಅಂದ್ರೆ ನೀವು ಬಂದು ನೋಡ್ಬೇಕು, ಬೆರಳು ತಾಗಿಸಿದ್ರೆ ಸದ್ದಿಲ್ಲದೆ ತಿರುಗತ್ತೆ.

ಮನೆಯವರು ಏನಂತಾರೆ?

ನಮ್ಮ ಮನೆಯವಳು ಒಂದೇ ಮಾತು ಹೇಳಿದ್ದು: "ಕುಡಿಯೋದಕ್ಕಿಂತ ವಾಸಿ, ಆದ್ರೆ ನನ್ನ ಡಬ್ಬಿ ಮುಟ್ಟಬೇಡಿ."

ಸಾಮಾನು ಎಲ್ಲಿ ಸಿಗತ್ತೆ?

ಪುಣೆಯಲ್ಲಾದ್ರೆ ಬುಧವಾರ, ರವಿವಾರ ಜೂನಾ ಬಜಾರ್, ಹಳೇ ಮೋಟರು, ಸ್ಪೀಕರ್ ಮ್ಯಾಗ್ನೆಟ್ಟು. ಎಲೆಕ್ಟ್ರಾನಿಕ್ಸ್‌ಗೆ ಬುಧವಾರ ಪೇಠ, ಪಾಸೋಡ್ಯಾ ವಿಠೋಬಾ ಗುಡಿ ಹತ್ರ. ಮುಂಬೈಗೆ ಹೋದ್ರೆ ಲ್ಯಾಮಿಂಗ್ಟನ್ ರೋಡ್, ಲೋಹಾರ್ ಚಾಳ್. ಸ್ಟೀಲ್ ಪತ್ರಾ ಮಾತ್ರ ಭೋಸರಿ ಭಂಗಾರ್ (ಗುಜರಿ) ಅಂಗಡಿಯಲ್ಲಿ ತಗೊಳ್ಳಿ, 316 ಎಲ್ ಅನ್ನೋ ಒಳ್ಳೇ ಸ್ಟೀಲ್ ಅಂತ ಹೇಳಿ ಅಗ್ಗದ 304 ಕೊಡ್ತಾರೆ, ಹುಷಾರು.

ಡೇಂಜರ್ ಇದೆಯಾ?

ಇದೆ, ಮತ್ತೆ ಇದನ್ನ ಓದದೆ ಮುಂದೆ ಹೋಗ್ಬೇಡಿ. ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನ ತನಕ ಎಷ್ಟಿದ್ರೂ ಹೊತ್ಕೊಳ್ಳತ್ತೆ, ಕಿಡಿ ಅಂತ ಕಣ್ಣಿಗೆ ಕಾಣದ ಕಿಡಿ ಸಾಕು, ಸ್ವೆಟರ್ ತೆಗೆದಾಗ ಚಟಚಟ ಅನ್ನತ್ತಲ್ಲ ಅಷ್ಟು. ಎಚ್‌ಎಚ್‌ಒನಲ್ಲಿ ಆಕ್ಸಿಜನ್ನೂ ಜೊತೆಗೇ ಇರೋದ್ರಿಂದ ಹೊರಗಿನ ಗಾಳಿಯೂ ಬೇಕಾಗಿಲ್ಲ. ನಮ್ಮ ಶೆಡ್‌ನಲ್ಲೇ 2012ರಲ್ಲಿ ಬೆಂಕಿ ಪೈಪಿನಲ್ಲಿ ಹಿಂದಕ್ಕೆ ಓಡಿ ಬಬ್ಲರ್ ಡಬ್ಬಿ, ಅಂದ್ರೆ ಗ್ಯಾಸ್ ಹಾಯಿಸೋ ನೀರಿನ ಡಬ್ಬಿ, ಸಿಡೀತು, ಮುಚ್ಚಳ ಹೋಗಿ ಪತ್ರಾಕ್ಕೆ ತೂತು, ನನ್ನ ಎಡಗಿವಿಯಲ್ಲಿ ಎರಡು ದಿನ ಸೀಟಿ. ಕಣ್ಣಿಗೆ ಏನೂ ಆಗ್ಲಿಲ್ಲ ಅನ್ನೋದು ನನ್ನ ಜಾಣತನ ಅಲ್ಲ, ಅದೇ ಕ್ಷಣಕ್ಕೆ ಚಹಾ ತಗೊಳ್ಳೋಕೆ ತಿರುಗಿದ್ದೆ. ಈ ಗ್ಯಾಸ್ ತುಂಬಿ ಇಡೋಕೆ ಯಾವತ್ತೂ ಹೋಗ್ಬೇಡಿ, ಬಲೂನಲ್ಲೂ ಬೇಡ, ಬಾಟಲಿಯಲ್ಲೂ ಬೇಡ.

ಬೆಂಕಿ ಬಿಟ್ಟು ಇನ್ನೂ ಇದೆ. ನೀರಲ್ಲಿ ಕರೆಂಟ್ ಚೆನ್ನಾಗಿ ಹರೀಲಿ ಅಂತ ಅಡಿಗೆ ಉಪ್ಪು ಹಾಕಿದ್ರೆ ಕ್ಲೋರಿನ್ ಬರತ್ತೆ, ಮುಚ್ಚಿದ ಕೋಣೆಯಲ್ಲಿ ಎದೆ ಹಿಡಿಯತ್ತೆ. ಅದೇ ಕೆಲಸಕ್ಕೆ ಹಾಕೋ ಕಾಸ್ಟಿಕ್ ಕಣ್ಣಿಗೆ ಹಾರಿದ್ರೆ ಕಣ್ಣು ಹೋಗತ್ತೆ. ಸ್ಟೇನ್‌ಲೆಸ್ ಪ್ಲೇಟ್ ಇಟ್ಟು ಬಹಳ ದಿನ ಓಡಿಸಿದ್ರೆ ನೀರು ಹಳದಿ, ಕಂದು ಆಗತ್ತಲ್ಲ, ಅದು ಕೊಳೆ ಅಲ್ಲ, ಸ್ಟೀಲಿನೊಳಗಿನ ಕ್ರೋಮಿಯಂ ಬಿಟ್ಕೊಂಡಿದ್ದು, ಅದರಲ್ಲಿ ಕ್ಯಾನ್ಸರ್ ತರೋ ಥರದ್ದೂ ಇರಬಹುದು. ನಾವು ವರ್ಷಗಟ್ಟಲೆ ಅದನ್ನ ಮೋರಿಗೆ ಚೆಲ್ಲಿದ್ದೀವಿ, ಅದನ್ನ ನೆನೆಸಿಕೊಂಡ್ರೆ ಈಗಲೂ ನಾಚಿಕೆ.

ಪುಣೆಯಲ್ಲೇ ಹೈಡ್ರೋಜನ್ ಬಸ್ ಓಡಿಸಿದ್ರಲ್ಲ, ಅದು ಹೇಗೆ ಮತ್ತೆ?

ಹೌದು, 2022ರ ಆಗಸ್ಟ್‌ನಲ್ಲಿ, ಕೆಪಿಐಟಿ ಅನ್ನೋ ಕಂಪನಿ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಸೇರಿ ಮಾಡಿದ್ದು. ಅದು ಫ್ಯುಯೆಲ್ ಸೆಲ್ ಬಸ್ಸು, ಹೈಡ್ರೋಜನ್ ಹೊರಗೆ ಎಲ್ಲೋ ತಯಾರಾಗಿ ಸಿಲಿಂಡರ್‌ನಲ್ಲಿ ತುಂಬಿರತ್ತೆ, ಬಸ್ಸಿನಲ್ಲಿ ಅದು ಆಕ್ಸಿಜನ್ ಜೊತೆ ಸೇರಿ ಕರೆಂಟ್ ಕೊಟ್ಟು ನೀರಾಗಿ ಹೊರಗೆ ಬೀಳತ್ತೆ. ನೀರು ಬಾಲದಿಂದ ಬರತ್ತೆ, ಬಾಯಿಗೆ ಹಾಕೋದಲ್ಲ. ಪೇಪರ್‌ನಲ್ಲಿ ನೀರು ಅನ್ನೋ ಶಬ್ದ ಕಂಡ ಕೂಡಲೇ ನನಗೆ ಹನ್ನೆರಡು ಜನ ಕಟಿಂಗ್ ಕಳಿಸಿದ್ರು, "ನೋಡಿ ಸರ, ನೀವು ಅವತ್ತೇ ಹೇಳಿದ್ರಿ" ಅಂತ. ನಾನು ಅವತ್ತು ಹೇಳಿದ್ದು ಉಲ್ಟಾ.

ಎಚ್‌ಎಚ್‌ಒ ಗ್ಯಾಸ್ ಪೂರಾ ವೇಸ್ಟಾ ಹಾಗಾದ್ರೆ?

ಅಲ್ಲ. ಆಭರಣದ ಕೆಲಸದಲ್ಲಿ ಸಣ್ಣ ಬೆಸುಗೆಗೆ ಇದೇ ಗ್ಯಾಸಿನ ಮಷೀನ್ ಇದೆ, ಸೂಜಿಯಂಥ ಜ್ವಾಲೆ, ಮಸಿ ಇಲ್ಲ, ಸಿಲಿಂಡರ್ ಇಡೋ ಕಾಟ ಇಲ್ಲ. ಶಕ್ತಿ ಬರೋದು ಗೋಡೆಯ ಪ್ಲಗ್‌ನಿಂದ, ಅದನ್ನ ಯಾರೂ ಮುಚ್ಚಿಡಲ್ಲ, ಅದಕ್ಕೇ ಅದು ಸರಿಯಾಗಿ ಕೆಲಸ ಮಾಡತ್ತೆ.

ಪೇಟೆಂಟ್ ಸಿಗತ್ತಾ?

ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಶುರುವಾಗೋದೇ ಇದರಿಂದ, ಸ್ಥಾಪಿತ ಪ್ರಕೃತಿ ನಿಯಮಕ್ಕೆ ಎದ್ದು ಕಾಣೋ ಹಾಗೆ ವಿರುದ್ಧ ಇರೋದಕ್ಕೆ ಪೇಟೆಂಟ್ ಇಲ್ಲ. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯವರು 1775ರಲ್ಲೇ ಇಂಥ ಚಕ್ರ ನಮ್ಮ ಹತ್ರ ತರಬೇಡಿ ಅಂದಿದ್ರು. ಅದೂ ಅಲ್ಲದೆ ಪೇಟೆಂಟ್ ಸಿಕ್ಕಿದೆ ಅಂದ್ರೆ ಮಷೀನ್ ಓಡತ್ತೆ ಅಂತ ಅರ್ಥ ಅಲ್ಲ, ಮೇಯರ್‌ಗೂ ಸಿಕ್ಕಿತ್ತು. ಟರ್ನರ್ ಅಣ್ಣ ಒಂದ್ಸಲ ಮುಂಬೈ ಆಂಟಾಪ್ ಹಿಲ್ ಆಫೀಸಿಗೆ ಹೋಗಿ ವಿಚಾರಿಸಿ ಬಂದ್ರು, ಖರ್ಚು ಕೇಳಿ ದಾರಿಯಲ್ಲಿ ಮಾಟುಂಗಾದಲ್ಲಿ ಇಡ್ಲಿ ತಿಂದು ವಾಪಸ್.

ಯಾರೋ ದುಡ್ಡು ಹಾಕಿ, ಡಬಲ್ ಆಗತ್ತೆ ಅಂತಿದ್ದಾರೆ.

ಹಾಕ್ಬೇಡಿ. ಅಮೆರಿಕಾದ ಜಾನ್ ಕೀಲಿ ಅನ್ನೋನು ಹೊಸ ಶಕ್ತಿಯಿಂದ ಓಡೋ ಮೋಟರ್ ಮಾಡಿದ್ದೀನಿ ಅಂತ 1870ರ ದಶಕದಿಂದ ಸಾಯೋ ತನಕ ಶೇರುದಾರರ ದುಡ್ಡಲ್ಲಿ ಬದುಕಿದ, 1898ರಲ್ಲಿ ಸತ್ತ ಮೇಲೆ ಅವನ ಲ್ಯಾಬ್‌ನ ನೆಲದ ಕೆಳಗೆ ದೊಡ್ಡ ಕಬ್ಬಿಣದ ಗೋಳ ಸಿಕ್ತು, ಒತ್ತಿದ ಗಾಳಿ ತುಂಬೋ ಥರದ್ದು. ಐರ್ಲೆಂಡಿನ ಸ್ಟಿಯೋರ್ನ್ ಕಂಪನಿ 2006ರಲ್ಲಿ ಫ್ರೀ ಎನರ್ಜಿ ಸಿಕ್ಕಿದೆ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಬನ್ನಿ ಪರೀಕ್ಷೆ ಮಾಡಿ ಅಂತ ವಿಜ್ಞಾನಿಗಳನ್ನ ಕರೀತು, 2007ರ ಲಂಡನ್ ಡೆಮೊ ಓಡಲೇ ಇಲ್ಲ, 2009ರಲ್ಲಿ ಅವರೇ ಕೂರಿಸಿದ ಪರೀಕ್ಷಕರು ಶಕ್ತಿ ಹುಟ್ಟೋದನ್ನ ತೋರಿಸಿಲ್ಲ ಅಂದ್ರು. ಇಷ್ಟು ವರ್ಷ ಆದ್ರೂ ಆಟ ಅದೇ: ಮಷೀನ್ ರೆಡಿ, ಒಂದೇ ಒಂದು ಪಾರ್ಟ್ ಬಾಕಿ, ಅದಕ್ಕೆ ನಿಮ್ಮ ದುಡ್ಡು.

ನಮ್ಮ ಅಪ್ಪ ರಿಟೈರ್ ಆದ ಮೇಲೆ ಇದ್ರಲ್ಲೇ ಮುಳುಗಿದ್ದಾರೆ, ಹೇಗೆ ಬಿಡಿಸೋದು?

ಬಿಡಿಸಬೇಡಿ, ಜೊತೆಗೆ ಕೂತ್ಕೊಳ್ಳಿ. ಥರ್ಮೋಡೈನಾಮಿಕ್ಸ್ ಪಾಠ ಮಾಡೋಕೆ ಹೋದ್ರೆ ಅವರಿಗೆ ಕೇಳಿಸೋದು ಒಂದೇ, "ನಿಮಗೆ ಏನೂ ಗೊತ್ತಿಲ್ಲ". ಅದನ್ನ ಅವರು ನೌಕರಿಯಲ್ಲಿ ಸಾಕಷ್ಟು ಕೇಳಿರ್ತಾರೆ. ಅಪ್ಪಾಜಿ, ಬಲ್ಬ್ ಹಚ್ಚಿ ಟೈಮ್ ಬರೆದಿಡೋಣ ಅನ್ನಿ, ಒಂದು ನೋಟ್‌ಬುಕ್ ತಂದುಕೊಡಿ. ದುಡ್ಡಿಗೆ ತಿಂಗಳಿಗೆ ಇಷ್ಟು ಅಂತ ಗೆರೆ ಹಾಕಿ, ಪಿಎಫ್ ದುಡ್ಡು ಬೇರೆಯವರಿಗೆ ಹೋಗದ ಹಾಗೆ ನೋಡ್ಕೊಳ್ಳಿ, ಕಾಸ್ಟಿಕ್ ಮನೆಯೊಳಗೆ ಬೇಡ. ಉಳಿದಿದ್ದು ಅವರಿಗೆ ಬಿಡಿ. ಒಂದು ಲೆಕ್ಕದಲ್ಲಿ ನಿಮ್ಮಪ್ಪ ನಿಮ್ಮನ್ನ ಕಾಯ್ತಿರಬಹುದು, ಕರೆಯೋಕೆ ಈ ಚಕ್ರ ಬಿಟ್ಟು ಬೇರೆ ಮಾತು ಗೊತ್ತಿಲ್ಲ.

ನೀವು ಈಗಲೂ ಮಾಡ್ತೀರಾ?

ಗ್ಯಾಸ್ ಬಿಟ್ಟಿದ್ದೀನಿ. ಗುರುವಾರ ಬಿಟ್ಟಿಲ್ಲ. ಈಗ ಹೆಚ್ಚಾಗಿ ಹಳೇ ಫ್ಯಾನ್ ರಿವೈಂಡ್ ಮಾಡ್ತೀವಿ, ಹೋಟೆಲ್ ಹುಡುಗನ ಗ್ರೈಂಡರ್ ರಿಪೇರಿ ಮಾಡ್ತೀವಿ, ಒಂದು ಒಳ್ಳೇ ಪವರ್ ಮೀಟರ್ ಚಂದಾ ಎತ್ತಿ ತಗೊಂಡಿದ್ದೀವಿ. ಇಂಡಿ ಕಾಕಾ ಹೋದ ವರ್ಷ ರಿಟೈರ್ ಆಗಿ ಚಕ್ರ ಟೆಂಪೋದಲ್ಲಿ ಹಾಕ್ಕೊಂಡು ಊರಿಗೆ ಹೋದ್ರು. ಮೊನ್ನೆ ಫೋನ್ ಬಂತು: "ತಮ್ಮಾ, ಸಿರಾಮಿಕ್ ಬೇರಿಂಗ್ ಹಾಕೇನಿ, ಈ ಸಲ ಬ್ಯಾರೇನ ಐತಿ, ಬಂದು ನೋಡು." ದೀಪಾವಳಿ ಸೂಟಿಗೆ ಬರ್ತೀನಿ ಕಾಕಾ, ಮೀಟರೂ ತರ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು, "ನೀ ಬಾ. ಅದನ್ನ ಅಲ್ಲೇ ಬಿಟ್ಟು ಬಾ."